ಹನ್ನೆರಡನೆಯ ಹಿಡಿಕೆ

ಅಮೆರಿಕದ ಕ್ಯಾಂಟನ್ ಊರಿನಿಂದ ಹತ್ತು ಮೈಲಿ ದೂರದ ಒಂದು ಹಳೆಯ ಹೈಸ್ಕೂಲಿನ ರಂಗಮಂದಿರದಲ್ಲಿ, ಪರದೆಯ ಪಕ್ಕಕ್ಕೆ, ಬೀರುವಿನಷ್ಟು ದೊಡ್ಡ ಉಕ್ಕಿನ ಪೆಟ್ಟಿಗೆಯೊಂದಿದೆ. ಅದರ ಮೈಮೇಲೆ ಹನ್ನೆರಡು ಹಿಡಿಕೆಗಳು. ಎತ್ತಿದರೆ ರಂಗದ ದೀಪಗಳು ನಿಧಾನವಾಗಿ ಬೆಳಗುತ್ತವೆ, ಇಳಿಸಿದರೆ ಮಂಕಾಗುತ್ತವೆ. ಒಳಗೆ ಕಂಪ್ಯೂಟರ್ ಇಲ್ಲ. ತಾಮ್ರದ ತಂತಿ ಸುತ್ತಿದ ಭಾರಿ ಸುರುಳಿಗಳಿವೆ, ಅವುಗಳ ಮೇಲೆ ಜಾರುವ ಇಂಗಾಲದ ತುಂಡುಗಳಿವೆ. ಕೂರಿಸಿದ್ದು ೧೯೫೮ರಲ್ಲಿ.

ಸಂಗನಬಸಪ್ಪನವರು ಆಬರ್ನ್ ಹಿಲ್ಸ್‌ನಲ್ಲಿ ಇಪ್ಪತ್ತೊಂಬತ್ತು ವರ್ಷ ಕಾರಿನ ಸ್ವಿಚ್ಚುಗಳನ್ನು ಪರೀಕ್ಷಿಸಿದವರು. ಕಿಟಕಿ ಏರಿಸುವ ಸ್ವಿಚ್ಚನ್ನು ಯಂತ್ರದಿಂದ ಐವತ್ತು ಸಾವಿರ ಸಲ ಒತ್ತಿಸಿ, ಎಷ್ಟನೆಯ ಸಲಕ್ಕೆ ಕೆಟ್ಟಿತು, ಯಾಕೆ ಕೆಟ್ಟಿತು ಎಂದು ಬರೆದಿಡುವುದು ಅವರ ಕೆಲಸವಾಗಿತ್ತು. ನಿವೃತ್ತರಾದ ವರ್ಷ ನಮ್ಮ ಕನ್ನಡ ಸಂಘದ ನಾಟಕಕ್ಕೆಂದು ಆ ಮಂದಿರಕ್ಕೆ ಹೋದಾಗ ಹಿಡಿಕೆಗಳಲ್ಲಿ ಏಳು ಕೆಟ್ಟಿದ್ದವು. ರಿಪೇರಿ ಮಾಡಲೇ ಎಂದು ಆ ಶಾಲೆಯ ನಾಟಕದ ಟೀಚರ್ ನೌಶೀನಳನ್ನು ಕೇಳಿದರು. ಅವಳ ತಂದೆತಾಯಿ ವಿಜಯಪುರದವರು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಇಟ್ಸ್ ಆಲ್ ಯುವರ್ಸ್, ಅಂಕಲ್," ಎಂದಳು.

ಒಂದು ಇಡೀ ಚಳಿಗಾಲ ಅವರು ಪೆಟ್ಟಿಗೆ ಬಿಚ್ಚಿಕೊಂಡು ಕೂತರು. ಕೊನೆಗೆ ಹನ್ನೆರಡೂ ನಡೆದವು. ಪ್ರತಿ ಹಿಡಿಕೆಯ ಕೆಳಗೆ ಕಾಗದದ ಪಟ್ಟಿ ಅಂಟಿಸಿ, ಅದು ಯಾವ ದೀಪದ್ದೆಂದು ಕನ್ನಡದಲ್ಲಿ ಬರೆದರು. ಹನ್ನೆರಡನೆಯದರ ಕೆಳಗೆ 'ಖಾಲಿ' ಎಂದು ಬರೆದರು. ಅದು ರಂಗದ ಎಡ ಮರೆಯಲ್ಲಿ ನೆಲದೊಳಗಿದ್ದ ಒಂದು ಪ್ಲಗ್ಗಿಗೆ ಹೋಗುತ್ತಿತ್ತು. ಆ ಪ್ಲಗ್ಗಿಗೆ ಯಾವ ದೀಪವೂ ಇರಲಿಲ್ಲ.

ಹಿಡಿಕೆಗಳನ್ನು ತಿರುಚಿದರೆ ಎಲ್ಲವೂ ಒಂದೇ ಸರಳಿಗೆ ಕಚ್ಚಿಕೊಳ್ಳುತ್ತವೆ. ಆಮೇಲೆ ಒಂದು ದೊಡ್ಡ ಚಕ್ರ ತಿರುಗಿಸಿದರೆ ಸಾಕು, ಇಡೀ ರಂಗ ಒಟ್ಟಿಗೆ ಬೆಳಗುತ್ತದೆ. ನಮ್ಮ ನಾಟಕಗಳಿಗೆ ಆ ಚಕ್ರ ಹಿಡಿಯುತ್ತಿದ್ದ ಸಂಗನಬಸಪ್ಪನವರು ಖಾಲಿ ಹಿಡಿಕೆಯನ್ನೂ ಬಿಡದೆ ಕಚ್ಚಿಸುತ್ತಿದ್ದರು. ಯಾಕೆಂದು ಕೇಳಿದ್ದೆ. "ಒಂದನ್ನ ಬಿಟ್ರ ಅದು ಜಂಗ್ ಹಿಡೀತೈತ್ರಿ," ಎಂದಿದ್ದರು.

ಕಳೆದ ಏಪ್ರಿಲ್‌ನಲ್ಲಿ ಯುಗಾದಿಯ ನಾಟಕ, ಶನಿವಾರ ಮಧ್ಯಾಹ್ನ ಎರಡಕ್ಕೆ. ಮದುವೆಯ ದೃಶ್ಯ, ಅಡವಿಯ ದೃಶ್ಯ, ವಿರಾಮ, ಆಮೇಲೆ ರಾಜಸಭೆ. ಸಭೆ ಶುರುವಾಗಿ ಐದು ನಿಮಿಷಕ್ಕೆ ರಂಗದ ಎಡ ಅರ್ಧ ಪಟ್ಟನೆ ಕತ್ತಲಾಯಿತು. ರಾಣಿ ಆ ಕತ್ತಲಲ್ಲೇ ನಿಂತು, "ಪ್ರಭು, ನನ್ನ ಮುಖ ನೋಡಿ ಹೇಳಿ" ಎಂದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ರಂಗದಿಂದ ಸುಟ್ಟ ವಾಸನೆಯೂ ಬಂತು. ನೌಶೀನ್ ನಿಯಮದಂತೆ ವರದಿ ಕಳಿಸಿದಳು. ಕಟ್ಟಡಗಳ ಅಧಿಕಾರಿ ಮಂಗಳವಾರ ಬಂದು ನೋಡುತ್ತಾರೆ, ದೋಷ ಪೆಟ್ಟಿಗೆಯದ್ದಾದರೆ ಬೇಸಿಗೆಯಲ್ಲಿ ಕಿತ್ತು ಗುಜರಿಗೆ ಹಾಕುತ್ತಾರೆ ಎಂದು ಉತ್ತರ ಬಂತು.

ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆ. ವಿರಾಮದಲ್ಲಿ ನನಗೆ ಬಡಿಸಿದ ಬಿಸಿಬೇಳೆಬಾತು ತಣ್ಣಗಿತ್ತು, ಆದರೆ ತಳ ಹೊತ್ತಿತ್ತು. ತಳ ಹೊತ್ತುವಷ್ಟು ಕಾದದ್ದು ಅಷ್ಟು ಬೇಗ ತಣ್ಣಗಾಗುವುದು ಹೇಗೆ? ಭಾನುವಾರ ಸಂಗನಬಸಪ್ಪನವರ ಮನೆಗೆ ಹೋಗಿ, ಅಡುಗೆಯ ಉಸ್ತುವಾರಿ ಹೊತ್ತಿದ್ದ ಅವರ ಹೆಂಡತಿ ಕಮಲವ್ವನನ್ನೇ ಕೇಳಿದೆ.

"ಬಾತು ಬಿಸಿ ಇಡೋ ಆ ವಾರ್ಮರ್‌ಗೆ ಹುಚ್ಚ ಹಿಡಿದಿತ್ರಿ ಅಕ್ಕಾರ," ಎಂದರು ಕಮಲವ್ವ. "ಮದುವಿ ಸೀನಿನ್ಯಾಗ ಕೊತಕೊತ ಕುದೀತು. ಅಡವಿ ಸೀನ್ ಬಂತು, ತಣ್ಣಗ ಕುಂತಬಿಡ್ತು. ಸಿಟ್ಟ ಬಂದು ಎರಡೂ ವಾರ್ಮರಿನ ಗುಂಡಿ ಪೂರಾ ತಿರುವಿಟ್ಟೆ."

ಸಂಗನಬಸಪ್ಪನವರು ಚಹಾದ ಬಟ್ಟಲು ಕೆಳಗಿಟ್ಟರು. "ಪ್ಲಗ್ ಎಲ್ಲಿ ಚುಚ್ಚಿದ್ದಿ?"

"ಎಡಗಡೆ ನೆಲದಾಗ ಐತೆಲ್ಲ, ಅಲ್ಲಿ. ಪಿನ್ ಕೂಡಲಿಲ್ಲ. ನಿಮ್ಮ ಹತ್ಯಾರದ ಪೆಟ್ಟಿಗ್ಯಾಗ ಕೂಡಿಸೋದೊಂದು ಇತ್ತು, ತಗೊಂಡೆ."

"ಹನ್ನೆರಡು!" ಎಂದರು ಅವರು. "ನನ್ನ ಒಂದ್ ಮಾತ ಕೇಳಬಾರದಾಗಿತ್ತೇನ?"

"ನೀವು ಬಸ್ ಡ್ರೈವರ್‌ನಂಗ ಚಕ್ರಾ ಹಿಡಕೊಂಡು ನಿಂತಿದ್ರಿ. ಕರದ್ರ ಓ ಅಂತಿದ್ರೇನು?"

ದೀಪ ಏರಿದಾಗ ಬಾತು ಕುದಿದಿದೆ, ದೀಪ ಇಳಿದಾಗ ಆರಿದೆ. ರಂಗದ ಎಡಬದಿಯ, ಒಂಬತ್ತರಿಂದ ಹನ್ನೆರಡರವರೆಗಿನ ಹಿಡಿಕೆಗಳಿಗೆ ಒಂದೇ ಫ್ಯೂಸ್. ರಾಜಸಭೆಗೆಂದು ಚಕ್ರ ತುದಿಗೆ ತಿರುಗಿಸಿದಾಗ ಎರಡು ವಾರ್ಮರುಗಳೂ ಪೂರ್ತಿ ವಿದ್ಯುತ್ ಎಳೆದವು, ಐದು ನಿಮಿಷಕ್ಕೆ ಫ್ಯೂಸ್ ಹೋಯಿತು. ಸುಟ್ಟದ್ದು ಪಾತ್ರೆಯಲ್ಲಿ ಉಳಿದಿದ್ದ ಬಾತು, ಪೆಟ್ಟಿಗೆಯಲ್ಲ. ಸಂಗನಬಸಪ್ಪನವರ ಮುಖದಲ್ಲಿ ಸಿಟ್ಟಿರಲಿಲ್ಲ. ಯಾಕೆ ಎಂಬುದು ಸಿಕ್ಕಿತ್ತು.

ಆದರೆ ರಂಗದ ಹಿಂದೆ ಅಡುಗೆ ತರಕೂಡದೆಂದು ಶಾಲೆಯ ಕರಾರು. ಕ್ಯಾಫೆಟೀರಿಯಾ ಬೇರೆಯವರಿಗೆ ಬುಕ್ ಆಗಿತ್ತೆಂದು ನಮ್ಮವರು ಪಾತ್ರೆಗಳನ್ನು ರಂಗದ ಎಡ ಮರೆಯಲ್ಲಿ ಅಡಗಿಸಿಟ್ಟಿದ್ದರು. ಸಂಘದ ಅಧ್ಯಕ್ಷ ಪ್ರಕಾಶ್ ಸುದ್ದಿ ತಿಳಿದು ಸೋಮವಾರ ಸಂಗನಬಸಪ್ಪನವರಿಗೆ ಫೋನ್ ಮಾಡಿದ. ನಾನು ಪಕ್ಕದಲ್ಲೇ ಇದ್ದೆ.

"ಸರ್, ಇದನ್ನ ಹೇಳಿದ್ರೆ ನಮಗೆ ಹಾಲ್ ಹೋಗುತ್ತೆ. ಹಳೇ ಮಷೀನು, ಕೆಟ್ಟೋಯ್ತು ಅಂತ ಒಂದ್ ಮಾತು ಹೇಳ್ಬಿಡಿ. ಆ ಡಬ್ಬ ಏನು ನಿಮ್ಮ ಮಗಳಾ?"

"ಮಗಳಾಗಿದ್ರ ತಾನ ಮಾತಾಡತಿದ್ಲಪಾ. ಅದಕ್ಕ ಬಾಯಿಲ್ಲ."

ಮಂಗಳವಾರ ಹತ್ತಕ್ಕೆ ಅಧಿಕಾರಿ ಬಂದರು. ಸಂಗನಬಸಪ್ಪನವರು ಹೊಸ ಫ್ಯೂಸ್ ಹಾಕಿ, ಒಂದು ವಾರ್ಮರನ್ನು ಅದೇ ಪ್ಲಗ್ಗಿಗೆ ಚುಚ್ಚಿ, ಪಾತ್ರೆಯಲ್ಲಿ ನೀರಿಟ್ಟು ಥರ್ಮಾಮೀಟರ್ ಇಳಿಬಿಟ್ಟರು. ಹನ್ನೆರಡನೆಯ ಹಿಡಿಕೆ ತುದಿಯ ಹತ್ತನೆಯ ಗೆರೆಯಲ್ಲಿದ್ದಾಗ ನೀರು ನೂರಾ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟಿಗೆ ಏರಿತು. ನಾಲ್ಕನೆಯ ಗೆರೆಗೆ ಇಳಿಸಿದ ಮೇಲೆ ನೂರಾ ಮೂವತ್ತಕ್ಕೆ ಬಂತು. ಎರಡು ತಾಸು ಹಿಡಿಯಿತು. ಅಧಿಕಾರಿ ಮೊದಲು ಗಡಿಯಾರ ನೋಡುತ್ತಿದ್ದರು, ಆಮೇಲೆ ಕುರ್ಚಿ ಎಳೆದುಕೊಂಡು ಥರ್ಮಾಮೀಟರನ್ನೇ ನೋಡುತ್ತ ಕೂತರು.

"ಚುಚ್ಚಿದವಳು ನನ್ನ ಹೆಂಡತಿ," ಎಂದು ಸಂಗನಬಸಪ್ಪನವರು ಇಂಗ್ಲಿಷಿನಲ್ಲಿ ಹೇಳಿದರು. "ಖಾಲಿ ಎಂದು ತಿಳಿದು ಆ ಹಿಡಿಕೆ ಎತ್ತಿದವನು ನಾನು. ಪರೀಕ್ಷಿಸದೆ ಖಾಲಿ ಅಂದುಕೊಳ್ಳಬಾರದಿತ್ತು."

ಪೆಟ್ಟಿಗೆ ಉಳಿಯಿತು. ಈಗ ವಾರಕ್ಕೊಮ್ಮೆ ಅವರು ನೌಶೀನಳ ತರಗತಿಗೆ ಚಕ್ರ ತಿರುಗಿಸುವುದನ್ನು ಕಲಿಸುತ್ತಾರೆ. ಹನ್ನೆರಡರ ಕೆಳಗಿನ ಪಟ್ಟಿಯಲ್ಲೀಗ 'ಎಡ ನೆಲ, ನೋಡಿ ಎತ್ತು' ಎಂದಿದೆ. ಕರಾರು ಮುರಿದದ್ದಕ್ಕೆ ಸಂಘಕ್ಕೆ ಎರಡು ವರ್ಷ ಆ ಮಂದಿರವಿಲ್ಲ.

ನವೆಂಬರಿನ ರಾಜ್ಯೋತ್ಸವ ಒಂದು ಮಿಡ್ಲ್ ಸ್ಕೂಲಿನ ಕ್ಯಾಫೆಟೀರಿಯಾದಲ್ಲಿ ನಡೆಯಿತು. ಉರಿಯುವ ಟ್ಯೂಬ್‌ಲೈಟುಗಳ ಕೆಳಗೆ ನಟನೊಬ್ಬ "ಅಗೋ, ಸೂರ್ಯ ಮುಳುಗಿದ" ಎಂದ. "ಎಲ್ಲಿ ಮುಳುಗಿದ್ನಪ್ಪಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ನಗುತ್ತಲೇ ಕೆಲವರು ಸಂಗನಬಸಪ್ಪನವರ ಕಡೆ ತಿರುಗಿ ನೋಡಿದರು. ಪ್ರಕಾಶ್ ನಗಲಿಲ್ಲ, ಅವರ ಜೊತೆ ಮಾತೂ ಆಡಲಿಲ್ಲ. ಸಂಗನಬಸಪ್ಪನವರು ತಲೆ ಎತ್ತಿ, ಟ್ಯೂಬ್‌ಲೈಟುಗಳ ಸ್ವಿಚ್ ಎಲ್ಲಿದೆಯೆಂದು ಗೋಡೆಯುದ್ದಕ್ಕೂ ಹುಡುಕುತ್ತಿದ್ದರು.

ಕಮಲವ್ವ ಬಡಿಸಿದ ಬಾತು ಆ ದಿನ ಮೊದಲಿನಿಂದ ಕೊನೆಯವರೆಗೆ ಒಂದೇ ಬಿಸಿಯಲ್ಲಿತ್ತು.