ಕುಲಾವಿ ತೊಟ್ಟ ಗೇರು

ನನ್ನ ಸೋದರಮಾವನ ಎಡ ಅಂಗಾಲಲ್ಲಿ ನಾಲ್ಕು ಅಡ್ಡಗೆರೆಗಳಿದ್ದವು. ಕ್ಲಚ್ಚಿನ ಪೆಡಲಿಗೆ ಹಾಕಿರುತ್ತಾರಲ್ಲ, ಆ ರಬ್ಬರಿನ ಗೆರೆಗಳು. ಜಗಲಿಯ ಮೇಲೆ ಕಾಲು ಚಾಚಿ ಕೂತಾಗ ಕಾಣುತ್ತಿದ್ದವು, ಒರಟು ಚರ್ಮದ ಮೇಲೆ ಯಾರೋ ಅಳತೆಪಟ್ಟಿ ಇಟ್ಟು ಎಳೆದ ಹಾಗೆ. ರಬ್ಬರಿನ ಗೆರೆ ಮನುಷ್ಯನ ಪಾದದಲ್ಲಿ ಹಾಗೆ ಉಳಿದುಬಿಡುತ್ತದೆಯೇ ಎಂದು ಈಗ ಅನುಮಾನ. ಗಾಡಿ ಇಳಿದ ಹೊಸತರಲ್ಲಿ ಇದ್ದು ಊಟದ ಹೊತ್ತಿಗೆ ಮಾಯವಾಗುತ್ತಿದ್ದವೋ ಏನೋ. ಆದರೆ ಅವರು ಬರಿಗಾಲಲ್ಲಿ ಗಾಡಿ ಓಡಿಸುತ್ತಿದ್ದುದು ಖಂಡಿತ. ಅದಕ್ಕೆ ಕೋಡಿಹಳ್ಳಿ ಸುತ್ತಿನ ಊರುಗಳವರೆಲ್ಲ ಸಾಕ್ಷಿ ಹೇಳುತ್ತಾರೆ.

ಗಾಡಿ ಹತ್ತುವಾಗ ಚಪ್ಪಲಿಯನ್ನು ನೆಲದ ಮೇಲೆ ಬಿಡುತ್ತಿದ್ದರು. ಹೊರಡುವ ಅವಸರದಲ್ಲಿ ಅವು ಅಲ್ಲೇ ಉಳಿಯುತ್ತಿದ್ದವು. ಮುಂದಿನ ಊರಿನಲ್ಲಿ ಕೆಸರಿಗೆ ಕಾಲಿಟ್ಟಾಗಲೇ ನೆನಪು. ಸಂಜೆಯ ಹಾಲಿಗೆ ಹೋದಾಗ ಯಾರಾದರೂ ಹೆಂಗಸು ಕ್ಯಾನಿನ ಜೊತೆ ಚಪ್ಪಲಿಯನ್ನೂ ತಂದಿಡುತ್ತಿದ್ದಳು. "ಹಾಲಣ್ಣ, ನಿನ್ನ ಚಪ್ಲೀಗೂ ಡೈರೀಲಿ ಒಂದು ಪಾಸ್‌ಬುಕ್ ಮಾಡ್ಸು, ದಿನಾ ಎರಡೊತ್ತೂ ತತ್ತೀವಲ್ಲ" ಎಂದು ಒಬ್ಬಾಕೆ ಹೇಳಿದ್ದನ್ನು ಮಾವ ಮನೆಗೆ ಬಂದು ತಾವೇ ಹೇಳಿಕೊಂಡು ನಕ್ಕಿದ್ದರು.

ಹಾಲಣ್ಣ ಅಂದರೆ ಹಾಲಿನ ಗಾಡಿಯ ಅಣ್ಣ. ಊರೂರಿನ ಡೈರಿಯಿಂದ ಕ್ಯಾನು ಎತ್ತಿ, ಬೆಳಿಗ್ಗೆಯೊಮ್ಮೆ ಸಂಜೆಯೊಮ್ಮೆ ಶೀತಲ ಕೇಂದ್ರಕ್ಕೆ ಮುಟ್ಟಿಸುವುದು ಅವರ ಕೆಲಸ. ಹೊತ್ತು ಮೀರಿದರೆ ಹಾಲು ಒಡೆಯುತ್ತದೆ, ಒಡೆದ ಹಾಲನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಅವರಿಗೆ ಜ್ವರ ಬರುತ್ತಿರಲಿಲ್ಲ, ಹಬ್ಬ ಬರುತ್ತಿರಲಿಲ್ಲ. ನನ್ನ ಮದುವೆಗೂ ಬೆಳಗಿನ ಹಾಲು ಇಳಿಸಿಯೇ ಬಂದರು. ಧಾರೆಯ ಹೊತ್ತಿಗೆ ಬಂದಿದ್ದರೋ ಊಟದ ಹೊತ್ತಿಗೋ ಎನ್ನುವುದರಲ್ಲಿ ನನಗೂ ನನ್ನ ಹೆಂಡತಿಗೂ ಇನ್ನೂ ಒಮ್ಮತವಿಲ್ಲ.

ನಾನು ಇತಿಹಾಸ ಓದಿದವನು. ಚನ್ನಪಟ್ಟಣದಲ್ಲಿ ಎರಡು ವರ್ಷ, ಮಾಗಡಿಯಲ್ಲಿ ಒಂದು ವರ್ಷ ಎಂದು ಅತಿಥಿ ಉಪನ್ಯಾಸಕನಾಗಿ ಎಲ್ಲೂ ನೆಲೆ ನಿಲ್ಲದೆ ತಿರುಗಿದವನು. ಮಾತನ್ನು ನಂಬಬೇಡಿ, ದಾಖಲೆ ನೋಡಿ ಎಂದು ಹುಡುಗರಿಗೆ ಪಾಠ ಹೇಳುತ್ತೇನೆ. ಮಾವನ ವಿಷಯದಲ್ಲಿ ನನ್ನ ಬಳಿ ಇರುವುದು ಬಹುಪಾಲು ಮಾತು. ದಾಖಲೆ ಒಂದೇ ಒಂದು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅವರ ಹಳೆಯ ಟೆಂಪೊ ಹಳ್ಳದ ಈಚೆಗೇ ನಿಲ್ಲುತ್ತಿತ್ತು. ಹಳ್ಳದಾಚೆ ಒಂದು ದೊಡ್ಡಿ. ದೊಡ್ಡಿ ಎಂದರೆ ನಮ್ಮ ಕಡೆ ಕಾಡಂಚಿನಲ್ಲಿ ಹತ್ತಿಪ್ಪತ್ತು ಮನೆಗಳ ಊರು. ಅಲ್ಲಿನ ಹೆಂಗಸರು ಹಾಲನ್ನು ತಲೆಯ ಮೇಲೆ ಹೊತ್ತು ಹಳ್ಳ ದಾಟಿ ಬರಬೇಕಿತ್ತು. ಬೇಸಿಗೆಯಲ್ಲಿ ಪರವಾಗಿಲ್ಲ. ಮಳೆಗಾಲದಲ್ಲಿ, ಅದರ ಮೇಲೆ ಆನೆ ಇಳಿದಿದೆ ಎಂದು ಸುದ್ದಿ ಬಂದರೆ, ಆ ದಿನ ಹಾಲು ಮನೆಯಲ್ಲೇ. ಹಾಗಾಗಿ ದೊಡ್ಡಿಯವರು ಮನೆಗೆ ಬೇಕಾದಷ್ಟಕ್ಕೆ ಒಂದು ನಾಟಿ ಹಸು ಕಟ್ಟಿಕೊಂಡು ಸುಮ್ಮನಿದ್ದರು.

ಮಾವ ಹೊಸ ಗಾಡಿ ತೆಗೆದುಕೊಳ್ಳುವಾಗ ನಾಲ್ಕು ಚಕ್ರವೂ ಎಳೆಯುವ ಪಿಕಪ್ಪೇ ಬೇಕೆಂದು ಹಟ ಹಿಡಿದದ್ದು ಈ ದೊಡ್ಡಿಗಾಗಿ. ರಾಮನಗರದ ಶೋರೂಮಿಗೆ ನಾನೂ ಹೋಗಿದ್ದೆ.

"ಯಜಮಾನ್ರೇ, ನಿಮಗ್ಯಾಕೆ ಫೋರ್ ವೀಲು? ಹಿಂದಿನ ಎರಡು ಚಕ್ರ ಎಳೆಯೋದೇ ಸಾಕು. ಇದಕ್ಕಾದ್ರೆ ಕಾಯ್ಬೇಕಾಗುತ್ತೆ" ಎಂದ ಅಲ್ಲಿನ ಹುಡುಗ.

"ಕಾಯ್ತೀನಿ ಕಣಪ್ಪ. ನಮ್ಮಳ್ಳ ಕಾಯಾಕಿಲ್ಲ" ಎಂದರು ಮಾವ.

ಗಾಡಿ ಬಂದ ದಿನ ಕೆಂಗಲ್ ಆಂಜನೇಯನ ಮುಂದೆ ಪೂಜೆ. ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು. ನಾನು ಪಕ್ಕದಲ್ಲಿ ನಿಂತು ಏನೋ ಕೊಂಕು ಆಡಿರಬೇಕು, ಆಗೆಲ್ಲ ಆಡುತ್ತಿದ್ದೆ. ಮಾವ ಬೇಸರ ಮಾಡಿಕೊಳ್ಳಲಿಲ್ಲ. "ನೀನು ನಂಬಬ್ಯಾಡ ಕಣ್ಲಾ ಅಳಿಯ, ಟೈರು ನಂಬ್ಲಿ" ಎಂದು ಗಾಡಿಯನ್ನು ಮುಂದಕ್ಕೆ ಬಿಟ್ಟರು. ನಿಂಬೆಹಣ್ಣು ಪಚಕ್ಕೆಂದವು.

ಅಲ್ಲಿಂದ ಅವರು ನೇರ ಹೋದದ್ದು ದೊಡ್ಡಿಗೆ. ಹಳ್ಳದಲ್ಲಿ ಆಗ ನೀರಿರಲಿಲ್ಲ. ಹೆಂಗಸರು ಬಂದು ಸುತ್ತ ನಿಂತರು. ಅವರಲ್ಲಿ ಪುಟ್ಟತಾಯಮ್ಮ ಎನ್ನುವವಳು, ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ಸಂಸಾರ ತೂಗಿಸುತ್ತಿದ್ದವಳು, ನೇರವಾಗಿ ಕೇಳಿದಳು: "ಮಳೇಲೂ ಬತ್ತೀಯಾ?"

"ಮಳೆ ಬರ್ಲಿ ಬುಡ್ಲಿ, ನಾನು ಬತ್ತೀನಿ."

ಆ ಮಾತಿನ ಮೇಲೆ ಪುಟ್ಟತಾಯಮ್ಮ ಎರಡು ಸೀಮೆಹಸು ತಂದು ಕಟ್ಟಿದಳು. ಮಿಕ್ಕವರೂ ಕಟ್ಟಿದರು.

ಹೊಸ ಗಾಡಿಯಲ್ಲಿ ದೊಡ್ಡ ಗೇರಿನ ಪಕ್ಕದಲ್ಲಿ ಒಂದು ಗಿಡ್ಡ ಗೇರು ಇತ್ತು. ಅದನ್ನು ಎಳೆದರೆ ಮುಂದಿನ ಎರಡು ಚಕ್ರಗಳಿಗೂ ಎಳೆತ ಬರುತ್ತದೆ. ಅದಕ್ಕೆ ಧೂಳು ಕೂರಬಾರದೆಂದು ಮಾವ ಒಂದು ಕೆಂಪು ಉಣ್ಣೆ ಕುಲಾವಿ ತೊಡಿಸಿದ್ದರು, ಮಗಳು ಕೂಸಾಗಿದ್ದಾಗ ಹಾಕುತ್ತಿದ್ದದ್ದು. ಬಂದವರಿಗೆಲ್ಲ ಕುಲಾವಿ ಎತ್ತಿ ತೋರಿಸುವರು. ಯಾರಾದರೂ ಕೈ ಹಾಕಹೋದರೆ, "ಮುಟ್ಟಬ್ಯಾಡ, ಮಲಗೈತೆ."

ಇನ್ನು ಪುಸ್ತಕದ ವಿಷಯ. ಗಾಡಿಯ ಜೊತೆ ಕೊಟ್ಟಿದ್ದ ದಪ್ಪನೆಯ ಪುಸ್ತಕ ಇಂಗ್ಲಿಷಿನಲ್ಲಿತ್ತು. ಮಾವನಿಗೆ ಕನ್ನಡ ಕೂಡಿಸಿ ಓದಲು ಬರುತ್ತಿತ್ತು, ಅಷ್ಟೆ. ಒಂದು ಭಾನುವಾರ ನನ್ನನ್ನು ಜಗಲಿಯ ಮೇಲೆ ಕೂರಿಸಿ, "ಓದಿ ಹೇಳು. ಪಕ್ಕದಾಗೆ ಕನ್ನಡದಲ್ಲಿ ಬರ್ದೂಬುಡು, ಆಮ್ಯಾಕೆ ನಾನು ಕೂಡಿಸ್ಕೊಂಡು ಓದ್ಕೋತೀನಿ" ಎಂದರು. ಪೆನ್ಸಿಲ್ ಹಿಡಿದು ಶುರು ಮಾಡಿದೆ. ಆಯಿಲು, ಬೆಲ್ಟು, ಟೈರಿನ ಗಾಳಿ. ಗಿಡ್ಡ ಗೇರಿನ ಪುಟಕ್ಕೆ ಬಂದಾಗ, "ಒಣಗಿದ ಟಾರು ರಸ್ತೆಯಲ್ಲಿ ನಾಲ್ಕೂ ಚಕ್ರ ಹಾಕಬಾರದು, ಒಳಗೆ ಮುರಿಯುತ್ತದೆ" ಎಂದು ಓದಿ ಬರೆದೆ. ಮಾವ ಗಾಬರಿಯಿಂದ ತಲೆಯಾಡಿಸಿದರು. ಅಷ್ಟರಲ್ಲಿ ಯಾರದೋ ಫೋನು ಬಂತು, ಯಾವುದೋ ವಿಚಾರ ಸಂಕಿರಣದ್ದು. ಮಾತಾಡಿ ಬಂದವನು ಪುಸ್ತಕ ಮುಚ್ಚಿ, "ಮಿಕ್ಕಿದ್ದೆಲ್ಲ ಮಾಮೂಲಿ ವಿಷಯ, ಮಾವ" ಎಂದೆ.

ಎಂದೆನೇ? ಹಾಗೆಂದೇ ನನಗೆ ನೆನಪು. ಆದರೆ ಆಮೇಲೆ ನಡೆದದ್ದು ಈ ನೆನಪನ್ನು ಎಷ್ಟು ತಿದ್ದಿದೆಯೋ ಹೇಳಲಾರೆ. ತಪ್ಪು ಮಾಡಿದವನು ತನ್ನ ತಪ್ಪಿಗೆ ಒಂದು ಒಳ್ಳೆಯ ಸಂಭಾಷಣೆ ಬರೆದುಕೊಳ್ಳುತ್ತಾನೆ.

ಮೊದಲ ವರ್ಷ ಮಳೆ ಸರಿಯಾಗಿ ಬರಲಿಲ್ಲ. ಹಳ್ಳದ ಮರಳನ್ನು ಗಾಡಿ ಒಂದೇ ವೇಗದಲ್ಲಿ ದಾಟಿಬಿಡುತ್ತಿತ್ತು. ಗಿಡ್ಡ ಗೇರಿನ ಕುಲಾವಿ ತೆಗೆಯುವ ಅಗತ್ಯವೇ ಬೀಳಲಿಲ್ಲ. ಎರಡನೆಯ ವರ್ಷ ಹಸ್ತದ ಮಳೆ ಹಿಡಿಯಿತು.

ದಸರಾ ರಜೆಗೆ ಬಂದಿದ್ದ ನಾನು ಆ ಬೆಳಿಗ್ಗೆ ಗಾಡಿಯಲ್ಲಿದ್ದೆ. ಹಳ್ಳದಲ್ಲಿ ಮೊಣಕಾಲುದ್ದ ಕೆಂಪು ನೀರು. ಆಚೆ ದಡದಲ್ಲಿ ಹೆಂಗಸರು ಕ್ಯಾನುಗಳನ್ನು ಸಾಲಾಗಿ ಇಟ್ಟು ನಿಂತಿದ್ದರು. ಮಾವ ಗಾಡಿ ನಿಲ್ಲಿಸಿ, ಕುಲಾವಿ ತೆಗೆದು ಜೇಬಿಗಿಟ್ಟುಕೊಂಡರು. "ನೋಡ್ಲಾ ಈಗ."

ಗೇರು ಅಲ್ಲಾಡಲಿಲ್ಲ. ಇನ್ನೊಮ್ಮೆ ಎಳೆದರು. ಎರಡೂ ಕೈ ಹಾಕಿದರು. ನಾನೂ ಎಳೆದೆ. ಬಂಡೆಗೆ ನೆಟ್ಟ ಗೂಟದ ಹಾಗೆ ನಿಂತಿತ್ತು. ಮಾವ ನನ್ನ ಮುಖ ನೋಡಲಿಲ್ಲ, ಆಚೆ ದಡ ನೋಡಿದರು. ಆಮೇಲೆ ಹಿಂದಿನ ಎರಡು ಚಕ್ರದ ಮೇಲೇ ನೀರಿಗೆ ಇಳಿಸಿದರು. ನಡುಹಳ್ಳದಲ್ಲಿ ಹಿಂಚಕ್ರ ಮರಳು ತೋಡಿಕೊಂಡು ಕೂತಿತು.

ಟ್ರ್ಯಾಕ್ಟರು ಸಿಕ್ಕು ಗಾಡಿಯನ್ನು ಎಳೆದು ಹಾಕುವಾಗ ಮಧ್ಯಾಹ್ನ. ದೊಡ್ಡಿಯ ಹಾಲೂ ಒಡೆದಿತ್ತು, ಅದಕ್ಕೆ ಮೊದಲು ಬೇರೆ ಊರುಗಳಿಂದ ತುಂಬಿಕೊಂಡಿದ್ದ ಹಾಲೂ ಒಡೆದಿತ್ತು. ಪುಟ್ಟತಾಯಮ್ಮ ತನ್ನ ಕ್ಯಾನನ್ನು ದಡದ ಮೇಲೆ ಬೋರಲು ಹಾಕಿದಳು. ಕೂಗಾಡಲಿಲ್ಲ.

"ನಾಳಿಕ್ಕೆ ಬತ್ತೀಯಾ ಹಾಲಣ್ಣ?"

"ಬತ್ತೀನಿ."

"ಯಾವುದ್ರಲ್ಲಿ?"

ಮಾವ ಗಾಡಿ ಹತ್ತಿ, ಜೇಬಿನಲ್ಲಿದ್ದ ಕುಲಾವಿಯನ್ನು ಗಿಡ್ಡ ಗೇರಿಗೆ ಮತ್ತೆ ತೊಡಿಸಿದರು.

ಕನಕಪುರದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು ಗಾಡಿಯ ಕೆಳಗೆ ಮಲಗಿಕೊಂಡೇ ಮಾತಾಡಿದ. "ಯಜಮಾನ್ರೇ, ತಂದಾಗಿಂದ ಇದ್ನ ಹಾಕೇ ಇಲ್ವಲ್ಲ. ತುಕ್ಕು ಹಿಡ್ದು ಕಚ್ಕೊಂಡೈತೆ. ತಿಂಗಳಿಗೊಂದ್ಸಲ ಹಾಕಿ ಮಣ್ಣು ರಸ್ತೇಲಿ ಒಸಿ ದೂರ ಓಡಿಸ್ಬೇಕು. ಬುಕ್ಕಲ್ಲೇ ಬರ್ದವ್ರೆ. ಮನೇಲಿ ಓದ್ದೋರು ಯಾರೂ ಇಲ್ವಾ?"

ನಾನು ಅಲ್ಲೇ ನಿಂತಿದ್ದೆ, ಕೈಯಲ್ಲಿ ಟೀ ಲೋಟ.

"ಬುಕ್ಕು ಕಳ್ದೋಯ್ತು ಕಣಪ್ಪ. ಗಾಡಿ ತಂದ ವಾರದಲ್ಲೇ ಎಲ್ಲೋ ಬಿದ್ದೋಯ್ತು" ಎಂದರು ಮಾವ.

ಅದೇ ಬೆಳಿಗ್ಗೆ ಒರೆಸುವ ಬಟ್ಟೆಗಾಗಿ ಸ್ಟೇರಿಂಗಿನ ಪಕ್ಕದ ಪೆಟ್ಟಿಗೆ ತೆಗೆದಾಗ ಆ ಪುಸ್ತಕ ನನ್ನ ಕೈಗೆ ತಾಗಿತ್ತು ಅನಿಸುತ್ತದೆ. ಅನಿಸುತ್ತದೆ, ಅಷ್ಟೆ. ಕೇಳಬಹುದಿತ್ತು. ಗ್ಯಾರೇಜಿನಿಂದ ಮನೆಯವರೆಗೆ ಬಸ್ಸಿನಲ್ಲಿ ಪಕ್ಕಪಕ್ಕ ಕೂತು ಬಂದೆವು. ಇಳಿಯುವಾಗ, "ಟೀ ಚೆನ್ನಾಗಿತ್ತಲ್ವಾ" ಎಂದರು.

ಗಾಡಿ ಗ್ಯಾರೇಜಿನಲ್ಲಿದ್ದಷ್ಟು ದಿನ ಅವರು ಊರಿನವರೊಬ್ಬರ ಟೆಂಪೊವನ್ನು ಈ ದಡದಲ್ಲಿ ನಿಲ್ಲಿಸಿ, ಹಳ್ಳಕ್ಕೆ ಇಳಿದು, ದೊಡ್ಡಿಯ ಹಾಲನ್ನು ಅರ್ಧರ್ಧ ಕ್ಯಾನಿನಂತೆ ಹೆಗಲ ಮೇಲೆ ದಾಟಿಸಿದರು. ಎರಡೊತ್ತೂ. ಮೊದಲ ದಿನ ಪುಟ್ಟತಾಯಮ್ಮ ನೋಡುತ್ತ ನಿಂತಿದ್ದಳಂತೆ. ಎರಡನೆಯ ದಿನ ಸೆರಗು ಸಿಕ್ಕಿಸಿ ಕ್ಯಾನಿನ ಇನ್ನೊಂದು ಹಿಡಿ ಹಿಡಿದಳಂತೆ. "ಇದೂ ನಾಕು ಕಾಲಿನ ಗಾಡೀನೇ ಬುಡು ಹಾಲಣ್ಣ" ಎಂದಳಂತೆ. ಆ ಹೊತ್ತಿಗೆ ನಾನು ರಜೆ ಮುಗಿಯಿತೆಂದು ಮಾಗಡಿಗೆ ಹೊರಟುಹೋಗಿದ್ದೆ. ರಜೆ ನಿಜಕ್ಕೂ ಮುಗಿದಿತ್ತೋ ಇಲ್ಲವೋ ಎನ್ನುವುದನ್ನು ಹಳೆಯ ಕ್ಯಾಲೆಂಡರು ತೆಗೆದು ನೋಡುವ ಧೈರ್ಯ ಮಾಡಿಲ್ಲ.

ಆಮೇಲೆ ಮಾವ ಒಂದು ಪದ್ಧತಿ ಮಾಡಿಕೊಂಡರು. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು, ಪೂಜೆ ಮಾಡಿ, ನಿಂಬೆಹಣ್ಣು ತುಳಿಸುವುದುಂಟು. ಮಾವ ಪೂಜೆಯಾದ ಮೇಲೆ ಗಾಡಿಯನ್ನು ಕೆರೆಯಂಗಳಕ್ಕೆ ಇಳಿಸಿ, ಕುಲಾವಿ ತೆಗೆದು, ಗಿಡ್ಡ ಗೇರು ಎಳೆದು, ನಾಲ್ಕೂ ಚಕ್ರದ ಮೇಲೆ ಮೂರು ಸುತ್ತು ಹಾಕಿ ಬರುತ್ತಿದ್ದರು. ದನ ಮೇಯಿಸುವವರು ಇದೂ ಪೂಜೆಯ ಭಾಗವೇ ಇರಬೇಕೆಂದುಕೊಂಡು ಕೈ ಮುಗಿಯುತ್ತಿದ್ದರು. ನಾನು ನಕ್ಕದ್ದು ಕಂಡು ಒಮ್ಮೆ, "ತಿಂಗಳಿಗೊಂದ್ಸಲ ಅಂದ್ರೆ ನಂಗೆ ನೆಪ್ಪಿರಾಕಿಲ್ಲ ಕಣ್ಲಾ. ಅಮಾಸೆ ಅಂದ್ರೆ ನೆಪ್ಪಿರ್ತದೆ" ಎಂದರು. ಅಂದಿನಿಂದ ನಿಂಬೆಹಣ್ಣಿನ ಬಗ್ಗೆ ನಾನು ಕೊಂಕು ಆಡಿಲ್ಲ.

ಮುಂದಿನ ಯಾವ ಮಳೆಗಾಲದಲ್ಲೂ ದೊಡ್ಡಿಯ ಹಾಲು ಒಂದು ಹೊತ್ತೂ ನಿಲ್ಲಲಿಲ್ಲ. ಹಾಗೆಂದು ದೊಡ್ಡಿಯವರು ಹೇಳುತ್ತಾರೆ. ಇದೊಂದನ್ನು ಪರಿಶೀಲಿಸುವ ಆಸೆ ನನಗಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ, ಬೆಳಗಿನ ಹಾಲು ಇಳಿಸಿ ಬಂದು ಜಗಲಿಯ ಮೇಲೆ ಮಲಗಿದ ಮಾವ ಏಳಲಿಲ್ಲ. ತಿಥಿಯ ದಿನ ಪುಟ್ಟತಾಯಮ್ಮ ಬಂದಳು. ಸೆರಗಿನಲ್ಲಿ ಸುತ್ತಿ ತಂದಿದ್ದ ಒಂದು ಜೊತೆ ಚಪ್ಪಲಿಯನ್ನು ಬಾಗಿಲ ಬಳಿ ಇಟ್ಟಳು. "ಅವತ್ತು ಬೆಳಿಗ್ಗೇನೂ ಅಲ್ಲೇ ಬುಟ್ಟೋಗಿದ್ದ" ಎಂದಳು. ತೊಳೆದು ತಂದಿದ್ದಳು.

ಈಗ ಗಾಡಿ ಓಡಿಸುವವಳು ಮಾವನ ಮಗಳು. ಮೊದಲೇ ಅಪ್ಪನ ಪಕ್ಕದಲ್ಲಿ ಕೂತು ಕಲಿತಿದ್ದಳು. ಮೊನ್ನೆ ನಾನು ಹೋದಾಗ ಅಮಾವಾಸ್ಯೆ, ಗಾಡಿ ತೊಳೆಯುತ್ತಿದ್ದಳು. "ಬಾವ, ಪೆಟ್ಟಿಗೇಲಿ ಇನ್ಶೂರೆನ್ಸ್ ಕಾಗದ ಐತಾ ನೋಡಿ" ಎಂದಳು. ಕಾಗದದ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಪುಸ್ತಕ ಇತ್ತು.

ಗಿಡ್ಡ ಗೇರಿನ ಪುಟ ತೆಗೆದೆ. ಅಂಚಿನಲ್ಲಿ ನನ್ನ ಪೆನ್ಸಿಲ್ ಬರಹ, "ಒಳಗೆ ಮುರಿಯುತ್ತದೆ" ಎನ್ನುವಲ್ಲಿಗೆ ನಿಂತಿತ್ತು. ಅಲ್ಲಿಯವರೆಗೆ ನನ್ನ ನೆನಪು ಸರಿ. ಅದರ ಕೆಳಗೆ ನೀಲಿ ಪೆನ್ನಿನಲ್ಲಿ, ಒಂದೊಂದು ಅಕ್ಷರವೂ ಕಡಲೆಕಾಯಿ ಗಾತ್ರ, ಮಾವನ ಬರಹ: "ಅಮಾಸೆಗೊಂದ್ಸಲ ನಾಕೂ ಚಕ್ರ ಹಾಕಬೇಕು. ಅಳಿಯ ಹೇಳಿದ್ದು."

ನಾನು ಹೇಳಿರಲಿಲ್ಲ. ಹೇಳಿದ್ದು ಮೆಕ್ಯಾನಿಕ್ಕು. ಅಥವಾ ನಾನು ಅವತ್ತು ಓದಿ ಹೇಳಿ, ಬರೆಯುವುದನ್ನಷ್ಟೇ ಬಿಟ್ಟಿದ್ದೆನೇ? ಆಗಲೇ ಹೇಳಿದ್ದರೆ ಅವರು ಆಗಿನಿಂದಲೇ ಹಾಕುತ್ತಿದ್ದರು, ಕೇಳಿದ್ದನ್ನು ಬಿಡುವವರಲ್ಲ. ಮುಂದೆ ಯಾರಾದರೂ ಈ ಪುಸ್ತಕ ತೆಗೆದು, ಅರ್ಧಕ್ಕೆ ನಿಂತ ಪೆನ್ಸಿಲ್ ನೋಡಿ, ಓದಿದವನು ಯಾರು ಎಂದು ಕೇಳಿದರೆ ನನ್ನ ಮೇಲೆ ತಪ್ಪು ಬರದಿರಲಿ ಎಂದು ಬರೆದಿಟ್ಟರೇ? ದಾಖಲೆಯನ್ನು ನಂಬಬೇಕು ಎಂದು ಪಾಠ ಹೇಳುವ ನನ್ನ ಮುಂದೆ ಇರುವ ಈ ಒಂದು ದಾಖಲೆ, ನನ್ನ ಪರವಾಗಿ ಸುಳ್ಳು ಹೇಳುತ್ತಿದೆ.

"ಏನ್ ಬಾವ, ಅಂಗೇ ನಿಂತ್ಕೊಂಡ್ರಿ?"

ಪುಟ ತೋರಿಸಿದೆ. "ಇದನ್ನ ನಾನು ಹೇಳಿರಲಿಲ್ಲ ಕಣಮ್ಮ. ಅವತ್ತು ಅರ್ಧಕ್ಕೇ ಎದ್ದುಹೋಗಿದ್ದೆ."

ಅವಳು ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು ಆ ಎರಡು ಬರಹಗಳನ್ನು ನೋಡಿದಳು. ಆಮೇಲೆ ಮಿಕ್ಕ ಪುಟಗಳನ್ನು ಹೆಬ್ಬೆರಳಿನಿಂದ ಸರ್ರನೆ ಬಿಟ್ಟಳು. ಎಲ್ಲ ಅಂಚೂ ಖಾಲಿ.

"ಇನ್ನೂ ಇಷ್ಟೊಂದೈತಲ್ಲ ಬಾವ. ಗಾಡಿಗೂ ವಯಸ್ಸಾಯ್ತು. ಕೂತ್ಕೊಳಿ, ಓದಿ. ಸಂಜೆ ಹಾಲಿಗೆ ಒಸಿ ಹೊತ್ತೈತೆ."

ಒಳಗಿನಿಂದ ಪೆನ್ಸಿಲ್ ತಂದುಕೊಟ್ಟಳು. ಜಗಲಿಯ ಮೇಲೆ, ಮಾವ ಕಾಲು ಚಾಚುತ್ತಿದ್ದ ಜಾಗದಲ್ಲಿ ಕೂತು, ನಿಂತಿದ್ದ ಸಾಲಿನ ಮುಂದಿನ ಸಾಲಿನಿಂದ ಶುರು ಮಾಡಿದೆ. ಗಾಡಿ ಹೊರಡುವವರೆಗೆ ಓದಿದೆ, ಬರೆದೆ. ಮಾಮೂಲಿ ವಿಷಯ ಒಂದೂ ಇರಲಿಲ್ಲ.