ಹುಣಸೆಹುಳಿಯಲ್ಲಿ ತಿಕ್ಕಿದ ಪದಕಗಳು

ನನ್ನ ಬಳಿಗೆ ಪದಕ ತರುವವರು ಸಾಮಾನ್ಯವಾಗಿ ಅವು ಮಂಕಾಗಿವೆ ಎಂದು ದೂರುತ್ತಾರೆ. ಆ ದಿನ ಮುಂಬಯಿಯ ಮುಲುಂಡಿನ ನಮ್ಮ ಮನೆಗೆ ಬಂದ ಹೋಟೆಲಿನ ಯಜಮಾನರು ಪೊಟ್ಟಣ ಬಿಚ್ಚಿದಾಗ ಮೂರು ಪದಕಗಳು ದೇವರ ಮುಂದಿನ ದೀಪದ ಹಾಗೆ ಹೊಳೆಯುತ್ತಿದ್ದವು. ನನಗೆ ಆಗಲೇ ಸಿಟ್ಟು ಬಂತು.

ನನ್ನ ಮಾವನವರಿಗೆ ಫೋರ್ಟ್‌ನಲ್ಲಿ ಸಮವಸ್ತ್ರ ಹೊಲಿಯುವ ಅಂಗಡಿ ಇತ್ತು. ಅಂಗಡಿ ಮುಚ್ಚಿದರೂ ಅವರು ಕಲಿಸಿದ ಕೆಲಸ ನನ್ನಲ್ಲಿ ಉಳಿಯಿತು. ಹಳೆಯ ಸೈನಿಕರ ಪದಕಗಳನ್ನು ಶುಚಿ ಮಾಡುತ್ತೇನೆ, ಹರಿದ ರಿಬ್ಬನ್ ಬದಲಿಸುತ್ತೇನೆ, ಎಲ್ಲವನ್ನೂ ಸಾಲಾಗಿ ಪಟ್ಟಿಗೆ ಹೊಲಿದು ಕೊಡುತ್ತೇನೆ. ಪದಕ ಕೈಗೆ ಬಂದರೆ ಮುಖ ಅಲ್ಲ, ಅಂಚು ನೋಡಬೇಕು ಎಂದು ಮಾವ ಹೇಳುತ್ತಿದ್ದರು. ಸೈನಿಕನ ನಂಬರು, ಹೆಸರು, ಪಡೆ ಎಲ್ಲವನ್ನೂ ಕೊರೆದಿರುವುದು ಆ ಸಣ್ಣ ಅಂಚಿನಲ್ಲೇ. ಭೂತಗನ್ನಡಿ ಹಿಡಿದು ನೋಡಿದೆ. ಎರಡು ಪದಕಗಳ ಅಂಚು ನದಿಯ ಕಲ್ಲಿನಷ್ಟು ನುಣುಪಾಗಿತ್ತು.

"ಇದನ್ನು ಯಾರು ತಿಕ್ಕಿದ್ದು?"

"ನಮ್ಮ ಅಡುಗೆಯವರು. ಶುಕ್ರವಾರ ಶುಕ್ರವಾರ, ದೇವರ ಪಾತ್ರೆಯ ಒಟ್ಟಿಗೆ, ಹುಣಸೆಹುಳಿ ಹಾಕಿ. ಇಷ್ಟು ವರ್ಷದಲ್ಲಿ ಒಂದು ವಾರ ತಪ್ಪಿಸಲಿಲ್ಲ ಅಕ್ಕ." ಅವರ ದನಿಯಲ್ಲಿ ಹೆಮ್ಮೆ ಇತ್ತು.

"ಒಂದಷ್ಟು ವಾರ ತಪ್ಪಿಸಿದ್ದರೆ ಒಳ್ಳೆಯದಿತ್ತು."

"ಎಂಥ ಮಾತು ಹೇಳ್ತೀರಿ ನೀವು. ಮರ್ಯಾದೆ ಕೊಟ್ಟದ್ದೂ ತಪ್ಪಾ?"

ನಾನು ಚಹಾ ತಂದಿಟ್ಟೆ. ಅವರು ನಿಧಾನವಾಗಿ ವಿಷಯ ಹೇಳಿದರು. ಫೋರ್ಟ್‌ನ ಅವರ ಹೋಟೆಲಿನಲ್ಲಿ ಒಬ್ಬ ನಿವೃತ್ತ ಸೈನಿಕ ಹನ್ನೊಂದು ವರ್ಷ ಕಾವಲಿಗಿದ್ದ. ಎಲ್ಲರೂ ಅವನನ್ನು ಫೌಜಿ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷದ ಹಿಂದೆ ಅಲ್ಲೇ ಜ್ವರ ಬಂದು ಎರಡೇ ದಿನದಲ್ಲಿ ತೀರಿಕೊಂಡ. ಯಜಮಾನರ ತಂದೆಯೇ ನಿಂತು ದಹನ ಮಾಡಿಸಿದರು. ಅವನ ಟ್ರಂಕಿನಲ್ಲಿ ಎರಡು ಅಂಗಿ ಮತ್ತು ಈ ಪದಕಗಳು ಮಾತ್ರ ಇದ್ದವು. ವಿಳಾಸದ ಒಂದು ಚೀಟಿಯೂ ಇರಲಿಲ್ಲ. ಪದಕಗಳನ್ನು ಗಾಜಿಲ್ಲದ ಚೌಕಟ್ಟಿಗೆ ಹಾಕಿ ಗಲ್ಲಾದ ಮೇಲೆ ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದರು. ಈಗ ಕಟ್ಟಡ ಒಡೆಯುತ್ತಾರೆ, ಹೋಟೆಲು ಮುಚ್ಚುತ್ತದೆ.

"ಅವರ ಮನೆಯವರಿಗೆ ಅವರು ಹೋದದ್ದೇ ಗೊತ್ತಿಲ್ಲ ಅಕ್ಕ. ಅಪ್ಪ ಕೊನೆಗಾಲದಲ್ಲೂ ಅದನ್ನೇ ಹೇಳ್ತಿದ್ದರು. ಅಷ್ಟಾದರೂ ತಿಳಿಸಿಬಿಡಬೇಕು."

"ಹೆಸರೇನು?"

ಅವರು ಚಹಾದ ಲೋಟ ನೋಡಿದರು. "ಸ್ಮಶಾನದಲ್ಲಿ ಕೇಳಿದಾಗ ಅಪ್ಪ ಬಾಯಿಗೆ ಬಂದ ಒಂದು ಹೆಸರು ಬರೆಸಿದರಂತೆ."

ಹನ್ನೊಂದು ವರ್ಷ ದಿನಕ್ಕೆರಡು ಹೊತ್ತು ಊಟ ಬಡಿಸಿದ ಮನುಷ್ಯನ ಹೆಸರು ಆ ಹೋಟೆಲಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹೆಸರಿದ್ದ ಒಂದೇ ಜಾಗವನ್ನು ವಾರವಾರ ಭಕ್ತಿಯಿಂದ ತಿಕ್ಕಿ ಅಳಿಸಿದ್ದರು. ಭೂತಗನ್ನಡಿಯನ್ನು ಮತ್ತೆ ಕೈಗೆತ್ತಿಕೊಂಡೆ. ಬಾಯಿಬಿಟ್ಟಿದ್ದರೆ ಜಗಳವಾಗುತ್ತಿತ್ತು.

ಉಳಿದದ್ದು ಮೂರನೆಯ ಪದಕ. ಅದನ್ನು ಚೌಕಟ್ಟಿನ ಮೊಳೆಗೆ ಗಟ್ಟಿಯಾಗಿ ಕಟ್ಟಿದ್ದರಿಂದ ಇಳಿಸಲಾಗದೆ ಮುಖವನ್ನಷ್ಟೇ ಒರೆಸುತ್ತಿದ್ದರು. ದಿನವೂ ಹಚ್ಚಿದ ಗಂಧ ಅದರ ಅಂಚಿನಲ್ಲಿ ಕೂತು ಕಲ್ಲಾಗಿತ್ತು. ಬೆಚ್ಚನೆಯ ನೀರಿನಲ್ಲಿ ಹತ್ತಿ ಅದ್ದಿ ಇಟ್ಟು, ಮೆತ್ತಗಾದಷ್ಟನ್ನು ಹಲ್ಲುಕಡ್ಡಿಯಿಂದ ತೆಗೆದೆ. ಮೂರು ದಿನ ಹಿಡಿಯಿತು. ಪೂರ್ತಿ ನಂಬರು ಬಂತು, ಪಡೆಯ ಗುರುತು ಬಂತು, ಹೆಸರಿನ ಮೊದಲ ಎರಡು ಅಕ್ಷರ ಬಂದವು.

ಸೇನೆಯ ದಾಖಲೆ ಕಚೇರಿಗೆ ಬರೆದೆ. ಮಾಹಿತಿಯನ್ನು ಸಂಬಂಧಿಕರಿಗೆ ಮಾತ್ರ ಕೊಡಲಾಗುವುದು, ಸಂಬಂಧಿಕರ ಪತ್ರ ಲಗತ್ತಿಸಿ ಎಂದು ಉತ್ತರ ಬಂತು. ಸಂಬಂಧಿಕರನ್ನು ಹುಡುಕುವುದಕ್ಕೇ ಬರೆದದ್ದು ಎಂದು ಮತ್ತೆ ಬರೆದೆ. ಅದೇ ಉತ್ತರ, ಬೇರೆ ಸಹಿಯೊಂದಿಗೆ, ಎರಡನೆಯ ಸಲ ಬಂತು.

ಪ್ರತಿ ವರ್ಷ ಪರೇಡಿಗೆ ಮೊದಲು ನನ್ನಲ್ಲಿ ಪದಕ ಹೊಲಿಸಿಕೊಳ್ಳುವ ಒಬ್ಬ ನಿವೃತ್ತ ಸುಬೇದಾರರಿದ್ದಾರೆ. ಕೊನೆಗೆ ಅವರಿಗೆ ನಂಬರು ತೋರಿಸಿದೆ. ಅವರು ಬೆಳಗಾವಿ ಕಡೆಯ ಹಳೆಯ ಜೊತೆಗಾರರಿಗೆ ಫೋನು ಮಾಡಿದರು. ಒಂಬತ್ತನೆಯ ದಿನ ಹೆಸರು, ಊರು, ಮಗಳ ಫೋನ್ ನಂಬರು ಸಿಕ್ಕವು. ಮಗಳು ಮದುವೆಯಾದಾಗಿನಿಂದ ಇದೇ ಮುಂಬಯಿಯ ಆಂಟಾಪ್ ಹಿಲ್‌ನಲ್ಲಿದ್ದಳು. ಅಪ್ಪ ಸಾಯುವಾಗಲೂ ಅಲ್ಲೇ ಇದ್ದಳು. ಫೋರ್ಟ್‌ನಿಂದ ಅಲ್ಲಿಗೆ ಒಂದೇ ಬಸ್ಸು. ಮಗಳ ಬಾಯಿಂದಲೇ ಇದನ್ನು ಕೇಳಿದ ಮೇಲೆ ಯಜಮಾನರಿಗೆ ಫೋನು ಹಚ್ಚಿದೆ.

ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ ಹೋಟೆಲಿನಲ್ಲೇ ಭೇಟಿಯಾದೆವು. ಮಗಳು ಐವತ್ತರ ಹೆಂಗಸು, ಆಸ್ಪತ್ರೆಯಲ್ಲಿ ಆಯಾ ಕೆಲಸ. ಅಪ್ಪ ಊರಲ್ಲಿ ಏನೋ ಮಾತಿಗೆ ಮನೆ ಬಿಟ್ಟನಂತೆ. ಯಜಮಾನರು ಎರಡೂ ಕೈಯಲ್ಲಿ ಪದಕ ಕೊಟ್ಟರು. ಅವಳು ನೋಡಿ ಮೇಜಿನ ಮೇಲಿಟ್ಟಳು.

"ಇವು ಇರ್ಲಿ, ಅಣ್ಣಾರ. ನಮ್ಮಪ್ಪ ಯಾವ ದಿನಾ ಹೋದಾ ಅದನ್ನ ಹೇಳ್ರಿ."

"ಏಕಾದಶಿ. ನಮ್ಮ ಅಪ್ಪನಿಗೆ ಉಪವಾಸ ಇತ್ತು, ನೀರೂ ಕುಡಿಯದೆ ಸ್ಮಶಾನಕ್ಕೆ ಹೋಗಿದ್ದರು."

"ಯಾವ ಏಕಾದಶಿ?"

"ಮಳೆ ಇತ್ತು."

"ಮುಂಬಯಿಯಲ್ಲಿ ನಾಲ್ಕು ತಿಂಗಳು ಮಳೆ," ಎಂದೆ. ನನ್ನ ತಾಳ್ಮೆ ಮುಗಿದಿತ್ತು. "ಗಣಪತಿಗೆ ಮೊದಲೋ ಆಮೇಲೋ?"

ಅವರು ಹಣೆ ತಿಕ್ಕಿಕೊಂಡರು. ನೆನಪಾಗಲಿಲ್ಲ. ತಮ್ಮ ತಾಯಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. ಹಿರಿಯ ದನಿ ಮೊದಲು ಊಟವಾಯಿತೇ ಎಂದು ಕೇಳಿತು.

"ಆಯ್ತಮ್ಮ. ಫೌಜಿ ಹೋದದ್ದು ಯಾವ ತಿಂಗಳು?"

"ಮೊಸರು ಬಿಟ್ಟ ತಿಂಗಳು. ಮರುದಿನ ದ್ವಾದಶಿ ಪಾರಣೆಗೆ ಕೂತಾಗ ನಿನ್ನ ಅಪ್ಪನಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಒಂಚೂರು ಮೊಸರು ಹಾಕುವ ಅಂದ್ರೆ ಚಾತುರ್ಮಾಸ್ಯ. ತರಕಾರಿ ಬಿಡುವ ತಿಂಗಳಾಗಿದ್ದರೆ ಮೊಸರಾದರೂ ಇರ್ತಿತ್ತು. ಅಷ್ಟಮಿಯ ಚಕ್ಕುಲಿ ಇನ್ನೂ ಡಬ್ಬಿಯಲ್ಲಿತ್ತು, ನನಗೆ ಸರೀ ನೆನಪುಂಟು."

ಚಾತುರ್ಮಾಸ್ಯದ ವ್ರತದಲ್ಲಿ ಮೊದಲ ತಿಂಗಳು ತರಕಾರಿ, ಎರಡನೆಯ ತಿಂಗಳು ಮೊಸರು ಬಿಡುತ್ತಾರೆ; ಕೃಷ್ಣಾಷ್ಟಮಿ ಕಳೆದು ಮೂರನೆಯ ದಿನ. ಶ್ರಾವಣ ಬಹುಳ ಏಕಾದಶಿ. ನಾನು ಅದನ್ನು ಚೀಟಿಯಲ್ಲಿ ಬರೆದು ಮಗಳ ಮುಂದಿಟ್ಟೆ. ಅವಳು ಎರಡು ಸಲ ಓದಿದಳು.

"ಒಂದ್ ವರ್ಷಾನೂ ತಿಥಿ ಮಾಡಿಲ್ಲ ನಾವು," ಎಂದಳು. "ಅವ್ವ ಬಿಡ್ಲಿಲ್ಲ. ಸತ್ತಾನಂತ ಯಾರ್ ನೋಡ್ಯಾರ ಅಂತಿದ್ಳು. ನಾಕ್ ವರ್ಷಾತು ಅಕಿ ಹೋಗಿ. ಹಣಿ ತುಂಬ ಕುಂಕುಮ, ಕೈ ತುಂಬ ಹಸಿರು ಬಳಿ ಹಾಕಿ ಮುತ್ತೈದಿ ಮಾಡಿ ಕಳಿಸಿದ್ವಿ."

ಯಜಮಾನರು ಎದ್ದು ನಿಂತರು. "ತಪ್ಪಾಯ್ತು. ನಾವು ಆವಾಗಲೇ ಸರಿಯಾಗಿ ಹುಡುಕಬೇಕಿತ್ತು."

"ಹುಡುಕಬೇಕಾಗಿತ್ರಿ," ಎಂದಳು ಅವಳು. ದನಿ ಏರಲಿಲ್ಲ.

ಆಮೇಲೆ ಅವಳು ಗೋಡೆಯ ಪಂಚಾಂಗದ ಕ್ಯಾಲೆಂಡರ್ ಕೇಳಿದಳು. ಯಜಮಾನರು ಮೊಳೆಯಿಂದ ಇಳಿಸಿ ತಂದು ಹಾಳೆ ತಿರುವಿ ಈ ವರ್ಷದ ಶ್ರಾವಣ ಬಹುಳ ಏಕಾದಶಿಗೆ ಬೆರಳಿಟ್ಟು ತೋರಿಸಿದರು.

"ಬುಧವಾರ ಬರ್ತದ," ಎಂದಳು. "ಬುಧವಾರ ನಂದು ಡ್ಯೂಟಿ ಐತಿ. ಈಗ್ಲೇ ಯಾರನ್ನರ ಬದಲಿ ಕೇಳಿ ಇಡಬೇಕು." ಚೀಲದಿಂದ ಫೋನು ತೆಗೆದು ಅಲ್ಲೇ ಕೂತು ನಂಬರು ಹುಡುಕತೊಡಗಿದಳು.