ಭಾವನ ಮೂಗು

ನಮ್ಮ ಭಾವನ ಬಾಯಲ್ಲಿ ‘ಗೊತ್ತಿಲ್ಲ’ ಎಂಬ ಮಾತು ಬಂದದ್ದನ್ನು ನಾನು ಕೇಳಿಯೇ ಇರಲಿಲ್ಲ. ದಾರಿ ಕೇಳಿದವರಿಗೂ, ತಿಳಿದಿರಲಿ ಬಿಡಲಿ, ಯಾವುದೋ ಒಂದು ದಾರಿ ತೋರಿಸಿಯೇ ಕಳಿಸುವ ಗಂಡಸು. ನಾನು ಅವರ ಹೆಂಡತಿಯ ತಂಗಿ. ಆಡಿಕೊಳ್ಳುವ ಹಕ್ಕು ನನಗಿದೆ.

ಹಳೆಯ ಕಂಪ್ಯೂಟರ್ ಬಿಚ್ಚಿ ಲೋಹ ತೆಗೆಯುವ ಶೆಡ್ಡಿನಲ್ಲಿ ಅವರ ಕೆಲಸ. ಆಸಿಡ್‌ನಲ್ಲಿ ಬೋರ್ಡು ನೆನೆಸಿದ ಮೇಲೆ ಉಳಿಯುವ ಹಸಿರು ನೀರು, ತಳದ ಗಸಿ, ಗುಜರಿಯ ಜೊತೆ ಬಂದ ಹೆಸರಿಲ್ಲದ ಡಬ್ಬಿ, ಯಾವುದು ಏನೆಂದು ತಿಳಿಯದಿದ್ದರೆ ಭಾವನನ್ನು ಕರೆಯುತ್ತಿದ್ದರು. ಅವರು ಮುಚ್ಚಳ ತೆಗೆದು ಮೂಸಿ, “ಇದನ್ನ ಆ ಡ್ರಮ್ಮಿಗೆ ಹಾಕಿ, ಇದನ್ನ ಮೋರಿಗೆ ಚೆಲ್ಲಿ” ಎಂದು ತೀರ್ಪು ಕೊಡಬೇಕು. ಯಜಮಾನ ಅವರಿಗಿಟ್ಟ ಹೆಸರು ‘ನಮ್ಮ ಲ್ಯಾಬ್’. ಪರೀಕ್ಷೆ ಮಾಡಿಸುವ ತಾಪತ್ರಯ ಬೇಡವೆಂದು ಒಬ್ಬ ಮನುಷ್ಯನ ಮೂಗು! ಅದಕ್ಕೆ ಈ ಮಹಾನುಭಾವ ಬೀಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

“ಗೊತ್ತಿಲ್ದೇ ಇರೋದನ್ನ ಬೇರೆ ಇಟ್ಬಿಡಿ. ಮೂಸೋದ್ಯಾಕೆ?” ಎಂದು ಅಕ್ಕ ಹೇಳಿ ಹೇಳಿ ಸಾಕಾಗಿದ್ದಳು.

“ಇಷ್ಟು ವರ್ಷ ಏನಾಯ್ತು ಹೇಳು,” ಎನ್ನುತ್ತಿದ್ದರು ಭಾವ, ಕೆಮ್ಮುತ್ತಲೇ.

ಏನಾಯಿತೆಂದು ಒಂದು ಭಾನುವಾರ ತಿಳಿಯಿತು. ನನ್ನ ಮಗಳನ್ನು ಭಾವನ ಬಳಿ ಮಲಗಿಸಿ ನಾನೂ ಅಕ್ಕನೂ ಮಾರ್ಕೆಟ್ಟಿಗೆ ಹೋಗಿದ್ದೆವು. ಬಂದು ಬಾಗಿಲು ತೆರೆದರೆ ಗ್ಯಾಸಿನ ವಾಸನೆ ಮುಖಕ್ಕೆ ಹೊಡೆಯಿತು. ಹಾಲು ಉಕ್ಕಿ ಒಲೆ ಆರಿತ್ತು. ಭಾವ ಅದರ ಪಕ್ಕದಲ್ಲೇ ನಿಂತು ಬೆಂಕಿಪೊಟ್ಟಣ ಹುಡುಕುತ್ತಿದ್ದರು. ನಾನು ಮಗುವನ್ನು ಎತ್ತಿಕೊಂಡು ಹೊರಗೆ ಓಡಿದೆ. ಅಕ್ಕ ಗ್ಯಾಸ್ ನಿಲ್ಲಿಸಿ ಕಿಟಕಿಗಳನ್ನೆಲ್ಲ ತೆರೆದಳು.

“ನಿಮ್ಗೆ ವಾಸ್ನೆ ಬರ್ಲಿಲ್ವಾ?” ಎಂದಳು ಅಕ್ಕ.

ಭಾವ ನೆಲ ನೋಡಿದರು. ಬಹಳ ದಿನದಿಂದ ಯಾವ ವಾಸನೆಯೂ ಬರುತ್ತಿರಲಿಲ್ಲವಂತೆ. ಲ್ಯಾಬ್ ಕೆಟ್ಟದ್ದು ತಿಳಿದರೆ ಮರ್ಯಾದೆ ಹೋಗುತ್ತದೆಂದು ಬಣ್ಣ ನೋಡಿ ಅಂದಾಜಿನಲ್ಲಿ ಹೇಳುತ್ತಿದ್ದರಂತೆ. ಆ ಅಂದಾಜು ನಂಬಿ ಶೆಡ್ಡಿನ ಉಳಿದವರು ಯಾವುದೋ ಡ್ರಮ್ಮಿಗೆ ಯಾವುದನ್ನೋ ಸುರಿಯುತ್ತಿದ್ದರು. ಕೇಳಿ ನನಗೆ ಸಿಟ್ಟು ನೆತ್ತಿಗೇರಿತು.

ಮರುದಿನ ಭಾವ ಕೆಲಸಕ್ಕೆ ಹೋಗಲಿಲ್ಲ. ಸಂಜೆ ಯಜಮಾನನೇ ಒಂದು ಪ್ಲಾಸ್ಟಿಕ್ ಕ್ಯಾನ್ ಹಿಡಿದು ಮನೆಗೆ ಬಂದ. “ಇದೊಂದು ಏನೂಂತ ನೋಡಿಬಿಡಿ.”

ಅಕ್ಕ ಹೊಸ್ತಿಲಲ್ಲೇ ಅಡ್ಡ ನಿಂತಳು. “ಇಷ್ಟು ದೂರ ತಂದಿದೀರಿ. ಮೊದ್ಲು ನೀವೇ ಒಂದ್ಸಲ ಮೂಸಿ.”

“ಅಯ್ಯೋ, ಏನಿರುತ್ತೋ ಏನೋ ತಾಯಿ,” ಎಂದ ಆತ, ಕ್ಯಾನನ್ನು ಮುಖದಿಂದ ದೂರ ಸರಿಸಿ.

ಅಂದರೆ ಮೂಸಿದರೆ ಅಪಾಯವೆಂದು ಅವನಿಗೆ ಗೊತ್ತಿತ್ತು, ಮೊದಲಿನಿಂದಲೂ. ತನ್ನ ಮೂಗು ಮೂಗು; ಕೆಲಸದವನದು ಬಿಟ್ಟಿ ಬಿದ್ದಿತ್ತೇ?

ಭಾವ ಎದ್ದು ಬಾಗಿಲಿಗೆ ಬಂದರು. ಕ್ಯಾನ್ ಮುಟ್ಟಲಿಲ್ಲ.

“ಗೊತ್ತಿಲ್ಲ,” ಎಂದರು. “ಆ ಡ್ರಮ್ಮಲ್ಲಿ ಏನೇನು ಸೇರಿದೆಯೋ ಅದೂ ನಂಗೆ ಗೊತ್ತಿಲ್ಲ. ಯಾವುದನ್ನೂ ಬೆರೆಸ್ಬೇಡಿ, ಯಾರೂ ಮುಟ್ಟೋದು ಬೇಡ. ತಿಳಿದೋರನ್ನ ಕರೆಸಿ. ನಾಳೆ ಬಂದು ನಾನೇ ಎಲ್ಲರಿಗೂ ಹೇಳ್ತೀನಿ.”

ಯಜಮಾನ ಕೈ ಚಾಚಿ ಕ್ಯಾನನ್ನು ಆದಷ್ಟು ದೂರ ಹಿಡಿದುಕೊಂಡೇ ಮೆಟ್ಟಿಲಿಳಿದ.